ಬಿಸಿ ರೋಲರಿಗೆ ಕೊಟ್ಟ ಪಾಸ್‌ಪೋರ್ಟು

"ನಿನ್ ಕೈ ಸೇದೋಗ. ಇದ್ಕೂ ಲ್ಯಾಮಿನೇಷನ್ ಮಾಡ್ಬುಟ್ಯಾ?"

ರೋಜಾ ಪಾಸ್‌ಪೋರ್ಟನ್ನು ಗಂಡನ ಮೂಗಿನ ಮುಂದೆ ಹಿಡಿದಿದ್ದಳು. ಹಿಂದಿನ ರಟ್ಟಿಗೆ ಹೊಸ ಪ್ಲಾಸ್ಟಿಕ್ಕು ಅಂಟಿ ಮಿಂಚುತ್ತಿತ್ತು.

"ಮಳೆಗಾಲ, ನೆಂದೋದಾತು ಅಂತ ಮಾಡ್ದೆ ಕಣಮ್ಮಿ," ಅಂದ ಮಾದೇಶ.

ಟಿ. ನರಸೀಪುರದ ತಾಲ್ಲೂಕು ಕಚೇರಿ ಎದುರು ಅವನದೊಂದು ಪೆಟ್ಟಿಗೆ ಅಂಗಡಿ. ಪಹಣಿ, ಜಾತಿ ಸರ್ಟಿಫಿಕೇಟು, ಸತ್ತವರ ಫೋಟೋ, ಏನು ಕೊಟ್ಟರೂ ಪ್ಲಾಸ್ಟಿಕ್ಕಿನೊಳಗಿಟ್ಟು ಬಿಸಿ ರೋಲರಿಗೆ ತಳ್ಳುವುದು ಹತ್ತು ವರ್ಷದ ಅಭ್ಯಾಸ. ಇದು ಅಂಥ ಕಾಗದವಲ್ಲ. ಮೈಸೂರಿನ ಅಧಿಕಾರಿಯೊಬ್ಬರ ತಾಯಿಯನ್ನು ರೋಜಾ ನೋಡಿಕೊಳ್ಳುತ್ತಿದ್ದಳು. ಆ ಅಧಿಕಾರಿಗೆ ಹೊರದೇಶದ ರಾಯಭಾರ ಕಚೇರಿಗೆ ವರ್ಗವಾಗಿ, ತಾಯಿಯ ಜೊತೆಗಿರಲೆಂದು ಇವಳಿಗೂ ಸರ್ಕಾರದ ಹೊಸ ಬಗೆಯ ಪಾಸ್‌ಪೋರ್ಟು ಮಾಡಿಸಿದ್ದರು. ರಟ್ಟಿನೊಳಗೊಂದು ಚಿಪ್. ಆ ದೇಶದ ಬಾಗಿಲಲ್ಲಿ ಮೆಷಿನ್ನಿನ ಮೇಲಿಟ್ಟರೆ ಇವಳ ಮುಖ ಕಂಪ್ಯೂಟರಿನಲ್ಲಿ ಮೂಡಬೇಕು. ಮೂಡದಿದ್ದರೆ ಕಳ್ಳ ಪಾಸ್‌ಪೋರ್ಟು ಅಂತ ಹಿಡಿದು ಕೂರಿಸುತ್ತಾರೆ.

ಮಾದೇಶ ರಟ್ಟನ್ನು ಬೆಳಕಿಗೆ ಹಿಡಿದ, ಒತ್ತಿ ನೋಡಿದ. ಒಳಗಿನದು ಬದುಕಿದೆಯೋ ಸತ್ತಿದೆಯೋ ಹೇಳುವವರು ಈ ಊರಲ್ಲಿ ಯಾರಿದ್ದಾರೆ?

"ಓಗ್ಬ್ಯಾಡ. ಸಾಯೇಬ್ರಿಗೆ ಏಳಿ ಬ್ಯಾರೆ ಮಾಡುಸ್ಕೊಂಡ್ರಾಯ್ತು."

"ಅಷ್ಟ್ರಲ್ಲಿ ಅವ್ರು ಬ್ಯಾರೆ ಆಳ್ನ ನೋಡ್ಕತಾರೆ. ನಿಂಗೂ ಅದೇ ಬೇಕಾಗಿರದು. ಮೊಕ ನೋಡಿ ಏಳು, ಇದ್ಕೆ ಬಿಸಿ ತಾಕುಸ್ಬ್ಯಾಡ ಅಂತ ಅವತ್ತೇ ಏಳಿದ್ನೋ ಇಲ್ವೋ?"

ಹೇಳಿದ್ದಳು. ರೋಲರಿಗೆ ತಳ್ಳುವಾಗ ಅದು ನೆನಪಿತ್ತೋ ಇಲ್ಲವೋ, ಅವನಿಗೇ ಗೊತ್ತಿರಲಿಲ್ಲ. ಒಂದು ಸಲ ಸಾಲದೆಂದು ಎರಡು ಸಲ ತಳ್ಳಿದ್ದ.

ರೋಜಾ ಬ್ಯಾಗು ಎತ್ತಿಕೊಂಡಳು. "ಮೆಷಿನ್ನು ಒಪ್ಕಂಡ್ರೆ ಅಲ್ಲಿರ್ತೀನಿ. ಒಪ್ನಿಲ್ಲ ಅಂದ್ರೆ ಕಳಲೆಗೆ, ನಮ್ಮವ್ವನ ಮನೆಗೆ ಓಯ್ತೀನಿ. ಇಲ್ಲಿಗಂತೂ ಬರಾಕಿಲ್ಲ."

"ಒಪ್ತೋ ಇಲ್ವೋ, ಒಂದು ಫೋನಾದ್ರೂ ಮಾಡು."

"ಪ್ಲಾಸ್ಟಿಕ್ ಸುತ್ತುವಾಗ ನನ್ನ ಕೇಳಿದ್ಯಾ?"

ಮೈಸೂರು ಬಸ್ಸಿನಲ್ಲಿ ಅವಳು ಅವನಿಗೆ ಕಾಣದ ಕಡೆಯ ಕಿಟಕಿಗೆ ಹೋಗಿ ಕೂತಳು.

ಎಂಟು ದಿನ ಫೋನು ಬರಲಿಲ್ಲ. ಸಾಹೇಬರ ಮೈಸೂರಿನ ಮನೆಗೆ ಬೀಗ. ಒಂಬತ್ತನೇ ದಿನ ಮಾದೇಶ ಅಂಗಡಿ ಮುಚ್ಚಿ, ನಂಜನಗೂಡಿಗೆ ಹೋಗಿ ಕಳಲೆ ಬಸ್ಸು ಹತ್ತಿದ. ರೋಜಾ ಅಲ್ಲೇ ಇದ್ದು ಮುಖಕ್ಕೆ ಉಗಿದರೂ ಸರಿ ಅನ್ನಿಸಿತ್ತು.

ಅತ್ತೆ ಸಾಕಮ್ಮ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಅಳಿಯನನ್ನು ಕಂಡು ಮೊರ ಪಕ್ಕಕ್ಕಿಟ್ಟು ಎದ್ದಳು.

"ಬಾಪ್ಪ," ಅಂದಳು. "ನಿಂಗಾದ್ರೂ ರೋಜಾ ಫೋನ್ ಮಾಡಿದ್ಲಾ?"