ದಲಾಲಿ ಅಯ್ಯಣ್ಣ ಪೋಕರ್ ಕಲಿತದ್ದು

"ಎರಡು ರಾಜ ಬಂದ್ರ ಜೋಡಿ. ಮೂರು ಬಂದ್ರ ಅದಕ್ಕಿಂತ ಮ್ಯಾಲ. ತಿಳೀತಿಲ್ಲೋ?" ಎಂದು ಶ್ರೀರಾಮುಲು ಇಸ್ಪೀಟ್ ಎಲೆಗಳನ್ನು ಚಾಪೆಯ ಮೇಲೆ ಹರಡಿದ.

"ಜೋಡಿ ತಿಳೀತು. ಮೂರನೇದನ್ನ ಯಾವ ನೊಗಕ್ಕ ಹೂಡೋದು?" ಎಂದ ಅಯ್ಯಣ್ಣ.

ಶ್ರೀರಾಮುಲು ಹಣೆ ಹಣೆ ಬಡಿದುಕೊಂಡ. ಸಿಕಂದರಾಬಾದಿನ ಇಂಗ್ಲಿಷ್ ಪಲ್ಟನ್ನಿನಲ್ಲಿ ಹತ್ತು ವರ್ಷ ಅಡುಗೆ ಮಾಡಿ, ಸಾಹೇಬರ ಬೆನ್ನ ಹಿಂದೆ ನಿಂತು ನಿಂತೇ ಈ ಆಟ ಕಲಿತು ಮಕ್ತಲಿಗೆ ಮರಳಿದವನು ಅವನು. "ಇದು ಎತ್ತಲ್ಲೋ ತಂದೆ, ಎಲಿ!"

"ಮತ್ತ ಎದುರಿನಾವನ ಎಲಿ ಒಂದ್ಸಲ ನೋಡಾಕರ ಬಿಡ್ತಾರೇನು? ಹಲ್ಲು ನೋಡಲಾರ್ದ ನಾ ಯಾವ ದನಾನೂ ಮುಟ್ಟಿದಾವಲ್ಲ."

ಪಾಪ, ಅಯ್ಯಣ್ಣನಾದರೂ ಏನು ಮಾಡಿಯಾನು? ಮೂವತ್ತು ವರ್ಷ ದನದ ದಲಾಲಿ ಮಾಡಿದ ಕೈ ಅದು. ಮಕ್ತಲ್, ನಾರಾಯಣಪೇಟೆ, ಕೋಸಗಿ, ಎಲ್ಲಾ ಸಂತೆಗಳಲ್ಲೂ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಒತ್ತುತ್ತಾರೆ. ಕೈ ಬಿಗಿಯಾಗಿ ಹಿಡಿದರೆ ವ್ಯಾಪಾರ ಮುಗಿಯಿತು; ಆಮೇಲೆ ಹೆತ್ತಪ್ಪ ಬಂದರೂ ಬದಲಿಸುವಂತಿಲ್ಲ. ಬೆರಳು ಕೆಳಗೆ ಲಾಭ ಎಣಿಸುವಾಗ ಅಯ್ಯಣ್ಣನ ಬಾಯಿ ಮೇಲೆ "ಸತ್ನೆಪ್ಪೋ, ಮನಿ ಮುಳುಗಿತೋ" ಎಂದು ಗೋಳಾಡುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಆ ಅಳು ನಂಬಿ ಊರಿನ ಶಿವಶಂಕರಪ್ಪ ಧಣಿ ಮೂರು ಸಲ ಮುದಿ ಎತ್ತು ಕೊಂಡು ಮೋಸಹೋಗಿದ್ದ.

ಹೋದ ಭಾನುವಾರದ ಸಂತೆಯಲ್ಲಿ ಧಣಿ ತಾನೇ ಬಂದು ಟವೆಲ್ಲಿನ ಕೆಳಗೆ ಕೈ ಹಾಕಿದ. "ಎತ್ತಿನ ಮಾತಲ್ಲೋ ಅಯ್ಯಣ್ಣ. ಹೈದರಾಬಾದಿಗೆ ಹೋಗಿ ಪೋಕರ್ ಅಂತ ಹೊಸಾ ಎಲಿ ಆಟ ಕಲ್ತು ಬಂದೀನಿ. ಬರೋ ಆಯ್ತಾರ ನನ್ನ ಕೂಡ ಆಡು. ಸೋತ್ರ ನಿನ್ನ ಕುದುರಿ ನಂದು, ಗೆದ್ರ ನನ್ನ ಹಾಲಿನ ಎಮ್ಮಿ ನಿಂದು" ಎಂದು ಐದೂ ಬೆರಳು ಒತ್ತಿದ. ಒಲ್ಲೆ ಎನ್ನಲು ಅಯ್ಯಣ್ಣ ಬಾಯಿ ತೆರೆದ. ಆದರೆ ಹಾಳು ಅಭ್ಯಾಸ! ಅಷ್ಟರಲ್ಲೇ ಕೈ ತನ್ನಷ್ಟಕ್ಕೆ ತಾನೇ ಧಣಿಯ ಬೆರಳುಗಳನ್ನು ಬಿಗಿಯಾಗಿ ಹಿಡಿದುಬಿಟ್ಟಿತ್ತು. ಟವೆಲ್ ಜಗ್ಗಿದ್ದನ್ನು ಸಂತೆಯೆಲ್ಲ ನೋಡಿತು.

ಕುದುರೆಯ ಹೆಸರು ಬಿಜಲಿ. ಹೆಸರಿಗಷ್ಟೇ ಮಿಂಚು, ನಡೆಯುವುದು ತುಂಬಿದ ಬಸುರಿಯ ಹಾಗೆ. ಆದರೆ ಬೆನ್ನ ಮೇಲೆ ಅಯ್ಯಣ್ಣ ಗೊರಕೆ ಹೊಡೆಯುತ್ತಿದ್ದರೂ ತಾನೇ ದಾರಿ ಹಿಡಿದು ಕೋಸಗಿ ಮುಟ್ಟಿಸುತ್ತಿತ್ತು. ಅದು ಧಣಿಯ ಲಾಯಕ್ಕೆ ಹೋಗುತ್ತದೆ ಎಂದು ನೆನೆದರೆ ಸಾಕು, ಅಯ್ಯಣ್ಣ ಎದ್ದು ಹೋಗಿ ಅದರ ಬೆನ್ನು ಸವರಿ ಬರುತ್ತಿದ್ದ. ಅದಕ್ಕೇ ಈ ಪಾಠ.

"ಈ ಆಟದಾಗ ಎಲಿಗಿಂತ ಮುಖ ದೊಡ್ಡದು. ಒಳ್ಳೇದು ಬರ್ಲಿ, ಕೆಟ್ಟದ್ದು ಬರ್ಲಿ, ಮುಖ ಕಲ್ಲಾಗಿರ್ಬೇಕು," ಎಂದ ಶ್ರೀರಾಮುಲು.

ಅಯ್ಯಣ್ಣ ಮನೆಗೆ ಹೋಗಿ ಹೆಂಡತಿ ಗುರಮ್ಮನ ಮುಂದೆ ಕೂತು ಎಲೆ ಹಿಡಿದು ಮುಖ ಕಲ್ಲು ಮಾಡಿದ. ಗುರಮ್ಮ ರೊಟ್ಟಿ ಬಡಿಯುತ್ತಲೇ ಕತ್ತೆತ್ತಿ ನೋಡಿದಳು.

"ಕೆಟ್ಟ ಎಲಿ ಬಂದಾವ."

"ನಿನಗ ಹ್ಯಾಂಗ ಗೊತ್ತಾತು?"

"ಕಿವಿ ಕೆಂಪಗಾಗ್ಯಾವಲ್ರೀ. ಸಂತ್ಯಾಗಿನ ಕಳ್ಳ ಅಳು ನಿಮಗ ಬರ್ತೈತಿ. ಖರೇ ದುಃಖ ಮುಚ್ಚಾಕ ಎಲ್ಲಿ ಬರ್ತೈತಿ ನಿಮಗ?"

ಭಾನುವಾರ ಧಣಿಯ ಮನೆಯ ಕಟ್ಟೆಯ ಮುಂದೆ ಅರ್ಧ ಊರೇ ನೆರೆದಿತ್ತು. ಒಂದು ಕಡೆ ಎಮ್ಮೆ, ಒಂದು ಕಡೆ ಬಿಜಲಿ. ಇಬ್ಬರಿಗೂ ಇಪ್ಪತ್ತಿಪ್ಪತ್ತು ಹುಣಸೆಬೀಜ, ಐದೈದು ಎಲೆ, ಒಂದೇ ಆಟ. ಒಬ್ಬ ಇಟ್ಟಷ್ಟು ಬೀಜ ಇನ್ನೊಬ್ಬನೂ ಇಡಬೇಕು, ಹೆದರಿದವನು ಎಲೆ ಕೆಳಗಿಟ್ಟು ಸೋಲೊಪ್ಪಬೇಕು.

ಅಯ್ಯಣ್ಣ ಎಲೆ ಬಿಡಿಸಿದ. ಎರಡು, ನಾಲ್ಕು, ಏಳು, ಒಂಬತ್ತು, ಒಬ್ಬ ಗುಲಾಮ. ಒಂದಕ್ಕೊಂದು ಸಂಬಂಧವಿಲ್ಲದ ದರಿದ್ರ ಎಲೆಗಳು! ಕಲ್ಲಾಗಬೇಕಿದ್ದ ಮುಖ ಕರಗಿ ನೀರಾಯಿತು. "ಸತ್ನೆಪ್ಪೋ, ಮನಿ ಮುಳುಗಿತೋ," ಎಂದು ಬಾಯಿ ತಾನೇ ಕೂಗಿತು. ಕಣ್ಣಿಂದ ಹನಿಗಳು ಉದುರಿದವು. ಹಿಂದೆ ನಿಂತಿದ್ದ ಶ್ರೀರಾಮುಲು ತಲೆಯ ಮೇಲೆ ಕೈ ಹೊತ್ತ.

ಧಣಿ ಐದು ಬೀಜ ಮುಂದೆ ತಳ್ಳಿದ. ಅಯ್ಯಣ್ಣ ಯೋಚಿಸಿದ. ಎಲೆ ಕೆಳಗಿಟ್ಟರೆ ಬಿಜಲಿ ಈಗಲೇ ಹೋಗುತ್ತದೆ. ಇಡದಿದ್ದರೆ ಇನ್ನೊಂದು ಗಳಿಗೆಯಾದರೂ ತನ್ನದಾಗಿರುತ್ತದೆ. ಮೂಗು ಒರೆಸಿಕೊಂಡು ಇಪ್ಪತ್ತೂ ಬೀಜಗಳನ್ನು ಒಮ್ಮೆಗೇ ನೂಕಿ ಬಿಕ್ಕಿ ಬಿಕ್ಕಿ ಅತ್ತ.

ಧಣಿ ಅವನ ಮುಖವನ್ನು ಬಹಳ ಹೊತ್ತು ನೋಡಿ ಮೀಸೆಯಡಿಯಲ್ಲಿ ನಕ್ಕ. "ಅಳು, ಅಳು. ಮೂರು ಸಲ ಈ ಅಳು ನಂಬಿ ಕೆಟ್ಟೀನಿ. ನಾಲ್ಕನೇ ಸಲ ಕೆಡಾಂವ ಅಲ್ಲ ನಾ. ನೋಡ್ರೆಪಾ ಎಲ್ರೂ, ಎರಡು ರಾಜ, ಎರಡು ಹತ್ತು ಇದ್ರೂ ಎಲಿ ಕೆಳಗ ಇಡಾಕತ್ತೀನಿ. ಜಾಣತನ ಅಂದ್ರ ಇದು!" ಎಂದು ಎಲೆ ಚೆಲ್ಲಿದ.

ರಾಜರನ್ನು ನೋಡಿ ಅಯ್ಯಣ್ಣನ ಎದೆ ಒಡೆಯಿತು. "ಸೋತೆನ್ರೀ ಧಣೇರ, ಕುದುರಿ ಒಯ್ರಿ. ಜ್ವಾಳದ ನುಚ್ಚಿಗೆ ಬೆಲ್ಲ ಹಾಕಿದ್ರನ ತಿಂತೈತ್ರಿ ಅದು," ಎಂದು ತನ್ನ ಎಲೆಗಳನ್ನೂ ಬಿಡಿಸಿಟ್ಟ.

ನೆರೆದವರೆಲ್ಲ ಕತ್ತು ಚಾಚಿ ಆ ಎಲೆಗಳನ್ನು ನೋಡಿದರು.

"ಏ ಹುಚ್ಚಪ್ಪಾ, ಧಣಿ ಎಲಿ ಇಟ್ಟುಬಿಟ್ಟಾರ. ಗೆದ್ದಾಂವ ನೀನು!" ಎಂದು ಶ್ರೀರಾಮುಲು ಅವನ ಭುಜ ಹಿಡಿದು ಅಲುಗಾಡಿಸಿದ.

ಧಣಿ ಆ ದರಿದ್ರ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. "ಇಂಥಾ ಎಲಿ ಹಿಡ್ಕೊಂಡು ಮತ್ಯಾಕ ಅತ್ತಿ?"

"ಇಂಥಾ ಎಲಿ ಬಂದಿದ್ಕ ಅತ್ತೆನ್ರೀ," ಎಂದ ಅಯ್ಯಣ್ಣ. "ಖರೇನ ಅಳು ಬಂತ್ರೀ ಧಣೇರ."

ಮೊದಲು ನಕ್ಕವನು ಧಣಿಯೇ. ರುಮಾಲು ಜಾರುವವರೆಗೂ ನಕ್ಕ. ಆಮೇಲೆ ಕಟ್ಟೆ ನಕ್ಕಿತು, ಬೀದಿ ನಕ್ಕಿತು. ಧಣಿ ಎಮ್ಮೆಯ ಹಗ್ಗವನ್ನು ತಾನೇ ಬಿಚ್ಚಿ ಅಯ್ಯಣ್ಣನ ಕೈಗೆ ಕೊಟ್ಟ.

ಯಾರೋ ಬಿಜಲಿಯ ಜೀನು ಬಿಗಿದು, "ಹತ್ತೋ ದೊರಿ!" ಎಂದು ಕೂಗಿದರು. ಅಯ್ಯಣ್ಣ ಹತ್ತಲಿಲ್ಲ. ಎಮ್ಮೆಯನ್ನು ಹಿಂದೆ ಬಿಟ್ಟುಕೊಂಡು, ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು, ಅದರ ನಿಧಾನಕ್ಕೆ ತನ್ನ ಹೆಜ್ಜೆ ಹೊಂದಿಸಿಕೊಂಡು ಮನೆಯವರೆಗೂ ಪಕ್ಕದಲ್ಲೇ ನಡೆದ.