ಕೇಸ್‌ಶೀಟಿನ ಕೆಳಗೊಂದು ಸಹಿ

ಸಿಡುಕಿ ಎಂದೇ ಹೆಸರಾದ ನರ್ಸು ಹೆಣದ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಹೊರಗೆ ಡಾಕ್ಟರ ಕಾರು ಬಂದು ನಿಂತಿತು. ಕಿಟಕಿಯಲ್ಲಿ ಇಣುಕಿದವಳಿಗೆ ಮೈಯೆಲ್ಲ ಉರಿದುಹೋಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಾರುದ್ದದ ಹೂವಿನ ಹಾರ, ಮುಖದಲ್ಲಿ ಹೇಳಿ ಮಾಡಿಸಿದಂಥ ದುಃಖ. ಯಾವ ಮುಖ ಹೊತ್ತು ಬಂದನಪ್ಪ ಈ ಮನುಷ್ಯ ಎಂದುಕೊಂಡಳು. ತಾನು ಯಾವ ಮುಖ ಹೊತ್ತು ಇಲ್ಲಿ ಕೂತಿದ್ದೇನೆ ಎಂಬುದೂ ಬೆನ್ನಿಗೇ ಹೊಳೆದು, ಬಟ್ಟೆಯನ್ನು ರಪ್ಪನೆ ಬಕೆಟ್ಟಿಗೆ ಎಸೆದಳು.

"ಮೆಲ್ಲಗೆ ಅಕ್ಕಾ," ಎಂದಳು ಎದುರಿಗೆ ಕೂತಿದ್ದ ಸತ್ತವಳ ಮಗಳು. "ಅಮ್ಮ ಎದ್ದು ಬೈತಾಳೆ ಈಗ."

ಸತ್ತವಳು ಹೆರಿಗೆ ನರ್ಸು. ಇಪ್ಪತ್ತೆರಡು ವರ್ಷ ಒಂದೇ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮೂಳೆ ಸವೆಸಿದವಳು, ಊರಿಗೆಲ್ಲ ದೊಡ್ಡಕ್ಕ. ಸಿಡುಕಿ ಅವಳ ಕೈಕೆಳಗೆ ಕೆಲಸ ಕಲಿತವಳು, ಈಗ ಅದೇ ಕೋಣೆಯ ಮುಖ್ಯ ನರ್ಸು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಆ ಅಡ್ಡಹೆಸರು ಇಟ್ಟವಳೂ ದೊಡ್ಡಕ್ಕನೇ. ಆ ಆಸ್ಪತ್ರೆ ಈಗ ಅಂಗಳದಲ್ಲಿ ನಿಂತ ಡಾಕ್ಟರದೇ. ಹನ್ನೆರಡು ವರ್ಷದ ಹಿಂದೆ ಅಲ್ಲೊಂದು ಕೂಸು ಸತ್ತಿತ್ತು. ದೊಡ್ಡಕ್ಕನ ಉದಾಸೀನದಿಂದ ಸತ್ತಿತೆಂದು ಕಾಗದದಲ್ಲಿ ಬರೆದು ಅವಳನ್ನು ಮನೆಗೆ ಕಳಿಸಿದ್ದರು. ಅದು ಹಸಿ ಸುಳ್ಳು. ಸುಳ್ಳೆಂದು ಬಲ್ಲವರು ಮೂವರೇ. ಒಬ್ಬಳು ಇಲ್ಲಿ ತಣ್ಣಗೆ ಮಲಗಿದ್ದಳು, ಒಬ್ಬರು ಹಾರ ಹಿಡಿದು ಅಂಗಳದಲ್ಲಿದ್ದರು, ಇನ್ನೊಬ್ಬಳು ಈ ಬಕೆಟ್ಟಿನ ಮುಂದೆ. ಇವತ್ತು ಸಿಡುಕಿ ಬಾಯಿ ಬಿಡದಿದ್ದರೆ ದೊಡ್ಡಕ್ಕ ಕೂಸು ಕೊಂದವಳಾಗಿಯೇ ಮಣ್ಣು ಸೇರುತ್ತಾಳೆ.

*

ಕೆಲಸಕ್ಕೆ ಸೇರಿದ ಮೊದಲ ವಾರ. ಸಿಡುಕಿಗೆ ಆಗ ಇಪ್ಪತ್ತೆರಡು. ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳ ತೊಡೆಗೆ ಪಟ್ಟನೆ ಬಾರಿಸಿ, ಕಿರುಚಬೇಡ, ತಿಣುಕು ಎಂದು ಗದರಿದ್ದಳು. ತರಬೇತಿಯಲ್ಲಿ ಕಂಡದ್ದೂ ಕಲಿತದ್ದೂ ಅದನ್ನೇ. ಹೆರಿಗೆಯಾಗಿ ತಾಯಿ ಮಗುವನ್ನು ವಾರ್ಡಿಗೆ ಕಳಿಸಿದ ಮೇಲೆ ದೊಡ್ಡಕ್ಕ ಹೆರಿಗೆ ಟೇಬಲ್ಲು ತೋರಿಸಿ, "ಹತ್ತು," ಎಂದಳು.

ಹೊಸದಾಗಿ ಬಂದವರಿಗೆಲ್ಲ ಅವಳ ಮೊದಲ ಪಾಠ ಅದೇ. ಸಿಡುಕಿಯನ್ನು ಅಂಗಾತ ಮಲಗಿಸಿ, ಎರಡೂ ಕಾಲುಗಳನ್ನು ಮೇಲೆತ್ತಿ ಪಟ್ಟಿಗೆ ಕಟ್ಟಿ, ದೊಡ್ಡ ದೀಪವನ್ನು ಮುಖಕ್ಕೆ ತಿರುಗಿಸಿ ಹೊರಟೇಹೋದಳು. ಐದು ನಿಮಿಷದಲ್ಲಿ ಬರುತ್ತಾಳೆಂದು ಸಿಡುಕಿ ಕಾದದ್ದೇ ಬಂತು. ಸೊಂಟ ಬಿದ್ದುಹೋಯಿತು. ಬಾಯಿ ಒಣಗಿತು. ಯಾರೋ ಬಾಗಿಲು ತೆಗೆದು ಹಲ್ಲು ಕಿರಿದು ಹೋದರು. ಒಂದು ಗಂಟೆಯ ಮೇಲೆ ದೊಡ್ಡಕ್ಕ ಬಂದಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನಿನಗೆ ನೋವೂ ಇರಲಿಲ್ಲ," ಎಂದಳು ದೊಡ್ಡಕ್ಕ ಪಟ್ಟಿ ಬಿಚ್ಚುತ್ತ. "ಈಗ ತೊಡೆಗೊಂದು ಬಾರಿಸಲಾ?"

ಆಮೇಲೆ ಚಹಾ ಕುಡಿಸುತ್ತ ತನ್ನ ಕತೆ ಹೇಳಿದ್ದಳು. ಅವಳ ಹೆರಿಗೆಯಲ್ಲಿ ನರ್ಸೊಬ್ಬಳು ಕೆನ್ನೆಗೆ ಹೊಡೆದು, ಆಡಬಾರದ ಮಾತು ಆಡಿದ್ದಳಂತೆ. ಆ ಸಿಟ್ಟು ಎರಡು ವರ್ಷವಾದರೂ ಇಳಿಯಲಿಲ್ಲವಂತೆ. ಮಗಳನ್ನು ತವರಿನಲ್ಲಿ ಬಿಟ್ಟು, ಬೇಡವೆಂದವರ ಮಾತಿಗೆಲ್ಲ ಕಿವಿ ಮುಚ್ಚಿಕೊಂಡು ನರ್ಸಿಂಗ್ ಓದಿದ್ದು ಆ ಸಿಟ್ಟಿಗೇ ಹೊರತು ಸೇವೆಗೀವೆ ಎಂದೆಲ್ಲ ಅಲ್ಲ. "ಹೆರೋಳು ಅವಳು ಕಣೇ. ನಮ್ಮದು ಕಾವಲು ಕೆಲಸ. ಕಾವಲಿಗಿರೋರು ಮನೆಯೊಡತಿ ಮೇಲೆ ಜೋರು ಮಾಡ್ತಾರಾ?"

ಅವಳ ಕೋಣೆಯಲ್ಲಿ ಹೆಂಗಸರು ಓಡಾಡಬಹುದಿತ್ತು, ಕುಕ್ಕರುಗಾಲಲ್ಲಿ ಕೂರಬಹುದಿತ್ತು, ಕುರ್ಚಿ ತಬ್ಬಿಕೊಂಡು ಊರಿಗೆ ಕೇಳುವಂತೆ ಕೂಗಬಹುದಿತ್ತು. ತೊಂದರೆ ಕಂಡರೆ ಡಾಕ್ಟರನ್ನು ಊಟದಿಂದ ಎಬ್ಬಿಸಿ ಕರೆತರುತ್ತಿದ್ದಳು. ಕಾಣದಿದ್ದರೆ ಸುಮ್ಮನೆ ಕಾಯುತ್ತಿದ್ದಳು. ಡಾಕ್ಟರು ಅದನ್ನು ಆಮೆ ವಾರ್ಡು ಎಂದು ಆಡಿಕೊಂಡರೆ, ಆಮೆ ನೂರು ವರ್ಷ ಬದುಕತ್ತೆ ಬಿಡಿ ಎನ್ನುತ್ತಿದ್ದಳು.

*

ಡಾಕ್ಟರು ಒಳಗೆ ಬಂದು ಹಾರ ಹಾಕಿ ಕೈಮುಗಿದರು. ಅಂಗಳಕ್ಕೆ ಹೋಗುವಾಗ ಸಿಡುಕಿಯ ಕಡೆ ಬಾಗಿ, ಇಲ್ಲಿ ಮುಗಿಸಿ ಬೇಗ ಬಾ, ಎರಡು ಹೆರಿಗೆ ಕೇಸಿದೆ, ಒಂದಕ್ಕೆ ನೋವು ಬರಲೆಂದು ಡ್ರಿಪ್ ಹಾಕಿಸಿದ್ದೇನೆ ಎಂದು ಪಿಸುಗುಟ್ಟಿದರು. ಹೆಣದ ಮುಂದೆ! ಸಿಡುಕಿ ಹಲ್ಲು ಕಚ್ಚಿಕೊಂಡಳು.

"ಡಾಕ್ಟರು ಅಮ್ಮನ ಬಗ್ಗೆ ನಾಲ್ಕು ಮಾತಾಡ್ತಾರಂತೆ. ಸೋದರಮಾವನೇ ಕೇಳ್ಕೊಂಡಿದ್ದು," ಎಂದಳು ಮಗಳು. ತಾಯಿಯ ಸೆರಗು ಸರಿಮಾಡುತ್ತ ಮೆಲ್ಲಗೆ ಹೇಳಿದಳು: "ನನ್ನ ಹೆರಿಗೆಗೆ ಅಮ್ಮನ್ನ ನಾನೇ ಒಳಗೆ ಬಿಡಲಿಲ್ಲ ಕಣಕ್ಕಾ. ಬೇರೆ ಆಸ್ಪತ್ರೆಗೆ ಹೋದೆ. ಆ ಮಗು ಸತ್ತು ಎರಡು ವರ್ಷ ಆಗಿತ್ತು, ನನಗೆ ಅವಳ ಕೈ ಅಂದ್ರೇ ಹೆದರಿಕೆ. ಹದಿನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ಲು."

ಸಿಡುಕಿಗೆ ಇದು ಗೊತ್ತಿರಲಿಲ್ಲ.

*

ಕೂಸು ಸತ್ತ ಆ ದಿನ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ, ಸಂಜೆ ನಾಲ್ಕಕ್ಕೆ. ಎರಡು ಗಂಟೆಗೆ ಡಾಕ್ಟರು ಹೊಸ ಕೋಟು ತೊಟ್ಟು ಬಂದು, ಇದಿನ್ನೂ ಮುಗಿದಿಲ್ಲವಾ ಎಂದರು. ಚೊಚ್ಚಲ ಹೆರಿಗೆ. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಇನ್ನೂ ಹೊತ್ತಿದೆ ಎಂದಳು ದೊಡ್ಡಕ್ಕ. ನೋವು ಹೆಚ್ಚಿಸುವ ಔಷಧಿಯನ್ನು ಡ್ರಿಪ್ಪಿಗೆ ಹಾಕು ಎಂದರು. ಬೇಕಾಗಿಲ್ಲ, ಹಾಕಲ್ಲ ಎಂದಳು. ಏನೋ ನೆಪ ಹೇಳಿ ಅವಳನ್ನು ಮೇಲಿನ ವಾರ್ಡಿಗೆ ಅಟ್ಟಿ, ಡಾಕ್ಟರು ತಾವೇ ಹಾಕಿದರು. ಹನಿಹನಿಯಾಗಿ ಹೋಗಬೇಕಾದದ್ದನ್ನು ಧಾರೆ ಬಿಟ್ಟರು. ಸಿಡುಕಿ ಪಕ್ಕದಲ್ಲೇ ಇದ್ದಳು. ಮಗುವಿನ ಎದೆಬಡಿತ ಇಳಿಯತೊಡಗಿದಾಗ ಸಾರ್ ಎಂದಳು. ಡಾಕ್ಟರು ಫೋನಿನಲ್ಲಿದ್ದರು. ಇನ್ನೊಮ್ಮೆ ಕೂಗಲು ಬಾಯಿ ಬರಲಿಲ್ಲ.

ಕೂಸು ನೀಲಿಗಟ್ಟಿ ಬಂತು, ಅಳಲಿಲ್ಲ. ದೊಡ್ಡಕ್ಕ ತಮ್ಮನ್ನು ಕರೆಯಲು ತಡಮಾಡಿದ್ದರಿಂದ ಹೀಗಾಯಿತು ಎಂದು ಡಾಕ್ಟರು ಕೇಸ್‌ಶೀಟಿನಲ್ಲಿ ಬರೆದು, ಕೆಳಗೆ ಸಾಕ್ಷಿಯೆಂದು ಸಹಿ ಮಾಡೆಂದು ಸಿಡುಕಿಯ ಮುಂದೆ ತಳ್ಳಿದರು. ಕೆಲಸ ಹೋದೀತೆಂಬ ಭಯ. ಮಾಡಿಬಿಟ್ಟಳು. ಮೇಲಿನಿಂದ ಓಡಿಬಂದು ಡ್ರಿಪ್ಪನ್ನು ಕಣ್ಣಾರೆ ಕಂಡಿದ್ದ ದೊಡ್ಡಕ್ಕ ಎಲ್ಲರ ಮುಂದೆಯೂ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಹಿ ತೋರಿಸಿ ಅವಳ ಬಾಯಿ ಮುಚ್ಚಿಸಿದರು. ಮಗಳು ಏದುಸಿರು ಬಿಡುತ್ತ ಬಂದು, ಅಮ್ಮ ಹೇಳೋದು ನಿಜವಾ ಅಕ್ಕಾ ಎಂದು ಕೇಳಿದಾಗ ಸಿಡುಕಿ ನೆಲ ನೋಡುತ್ತ ನಿಂತಿದ್ದಳು.

ಕೊನೆಯ ದಿನ ದೊಡ್ಡಕ್ಕ ಅವಳ ಎದುರಿಗೆ ಬಂದು ನಿಂತಳು. "ಆ ತಾಯಿ ತನ್ನ ಮೈಯಲ್ಲೇ ಏನೋ ಐಬಿದೆ ಅಂದ್ಕೊಂಡಿದಾಳೆ. ಹೋಗಿ ನಿಜ ಹೇಳು. ಅಲ್ಲೀವರೆಗೂ ನನ್ನ ಮನೆ ಮೆಟ್ಟಿಲು ಹತ್ತಬೇಡ."

ಸಿಡುಕಿ ಹೇಳಲೂ ಇಲ್ಲ, ಮೆಟ್ಟಿಲು ಹತ್ತಲೂ ಇಲ್ಲ. ಇವತ್ತು ಹತ್ತಿದ್ದಳು, ಬೇಡ ಎನ್ನುವವಳು ಇರಲಿಲ್ಲವಲ್ಲ.

*

ಅಂಗಳದಲ್ಲಿ ಡಾಕ್ಟರ ಮಾತು ಸಾಗಿತ್ತು. ಸಾವಿರಾರು ಹೆರಿಗೆ, ಬಂಗಾರದಂಥ ಕೈ ಎಂದೆಲ್ಲ ಹೇಳಿ, ಗಂಟಲು ಸರಿಮಾಡಿಕೊಂಡರು. "ಮನುಷ್ಯರು ಅಂದ್ಮೇಲೆ ತಪ್ಪಾಗತ್ತೆ. ಇವರ ಕೈಯಿಂದಲೂ ಒಂದು ತಪ್ಪಾಯ್ತು. ನಮ್ಮ ಆಸ್ಪತ್ರೆ ಅದನ್ನ ಯಾವತ್ತೋ ಕ್ಷಮಿಸಿದೆ." ಜನ ತಲೆಯಾಡಿಸಿದರು. ತಲೆ ಬಗ್ಗಿಸಿದ ಮಗಳ ಕೆನ್ನೆ ನಾಚಿಕೆಯಿಂದ ಕೆಂಪಾಗಿತ್ತು. ಅದನ್ನು ನೋಡಲು ಸಿಡುಕಿಯಿಂದ ಆಗಲಿಲ್ಲ.

"ಕ್ಷಮಿಸೋಕೆ ನೀವ್ಯಾರ್ರೀ?"

ಎಲ್ಲರೂ ಸಿಡುಕಿಯ ಕಡೆ ತಿರುಗಿದರು. ಒಮ್ಮೆ ಬಾಯಿ ತೆರೆದ ಮೇಲೆ ಅವಳು ನಿಲ್ಲಿಸಲಿಲ್ಲ. ಎರಡು ಗಂಟೆ, ಹೊಸ ಕೋಟು, ಮೇಲಿನ ವಾರ್ಡು, ಡ್ರಿಪ್ಪು, ಫೋನು, ಒಂದನ್ನೂ ಬಿಡದೆ ಹೇಳಿದಳು. ಇವಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದರು ಡಾಕ್ಟರು. "ಕೆಟ್ಟಿದ್ದು ಅವತ್ತು," ಎಂದಳು. "ಕೆಳಗೆ ಸಹಿ ಹಾಕಿದ್ದು ನಾನು. ದೊಡ್ಡಕ್ಕ ಹೇಳಿದ್ದು ಒಂದೊಂದು ಅಕ್ಷರವೂ ನಿಜ."

ಯಾರೋ ಹೆಂಗಸು ಥೂ ಎಂದು ಉಗುಳಿದಳು. ಡಾಕ್ಟರು ಕಾರಿಗೆ ಹೋಗುವ ದಾರಿಯಲ್ಲಿ ಯಾರೂ ಸರಿಯಲಿಲ್ಲ. ಸುತ್ತು ಹಾಕಿಕೊಂಡು ಹೋದರು. ಸಿಡುಕಿಗೆ ಉಸಿರು ಹಗುರಾಯಿತು. ಮಗಳು ಬಂದು ತಬ್ಬಿಕೊಂಡು ಅಳುತ್ತಾಳೆಂದು, ಏನೆಂದು ಸಮಾಧಾನ ಮಾಡಬೇಕೆಂದು, ಮಾತನ್ನೂ ಹುಡುಕಿಕೊಂಡಳು. ಮಗಳು ಬರಲಿಲ್ಲ.

ಚಟ್ಟ ಎತ್ತುವ ಹೊತ್ತಾಯಿತು. ದೊಡ್ಡಕ್ಕನ ಕೈಯಲ್ಲಿ ಹೆತ್ತ ಹೆಂಗಸರು, ನಾವೇ ಹೆಗಲು ಕೊಡುತ್ತೇವೆ ಎಂದು ಮುಂದೆ ಬಂದರು. ಮೂರು ಮೂಲೆಗೆ ಮೂವರು ನಿಂತರು. ಸಿಡುಕಿ ಹೋಗಿ ನಾಲ್ಕನೆಯ ಮೂಲೆಯ ಕೋಲು ಹಿಡಿದುಕೊಂಡಳು.

ಆಗ ಮಗಳು ಬಂದಳು. ಬೈಯಲಿಲ್ಲ, ಮುಖ ನೋಡಲೂ ಇಲ್ಲ. ಕಿರುಬೆರಳಿನಿಂದ ಶುರುಮಾಡಿ ಸಿಡುಕಿಯ ಬೆರಳುಗಳನ್ನು ಕೋಲಿನಿಂದ ಒಂದೊಂದಾಗಿ ಬಿಡಿಸಿದಳು. ಹೆಬ್ಬೆರಳೂ ಬಿಟ್ಟ ಮೇಲೆ ಆ ಜಾಗಕ್ಕೆ ತನ್ನ ಹೆಗಲು ಕೊಟ್ಟಳು. ಚಟ್ಟ ಎದ್ದಿತು. ಜನವೆಲ್ಲ ಅದರ ಹಿಂದೆ ಗೇಟು ದಾಟಿ ಹೋಯಿತು. ಸಿಡುಕಿ ಖಾಲಿ ಅಂಗಳದಲ್ಲಿ, ಕೋಲು ಹಿಡಿದಿದ್ದ ಹಾಗೆಯೇ ಕೈ ಮಡಚಿಕೊಂಡು ನಿಂತಿದ್ದಳು.