ಹಲಗೆಯ ಮೇಲಿಲ್ಲದ ಬಿಲ್ಲೆ

"ತಲೆ ಬಗ್ಗಿಸೋ ಉದ್ದಣ್ಣ! ಉಳಿದಿರೋ ಸುರಂಗಾನೂ ನಿನ್ನ ತಲೆ ತಾಗಿ ಬಿದ್ದೀತು," ಎಂದು ಟೀಚರಮ್ಮ ಹಿಂದಿನಿಂದ ಗದರಿದಳು.

"ಬಿದ್ರೆ ನಿನ್ನ ಗಂಟಲಿಗೇ ಬೀಳಬೇಕು."

ಉದ್ದಣ್ಣ ಸರ್ವೆ ಕಚೇರಿಯವನು. ಹೋದ ತಿಂಗಳ ಮಳೆಗೆ ಮಣ್ಣು ಜಾರಿ, ಕುಸಿದ ಸುರಂಗದೊಳಕ್ಕೆ ಸಂದಿ ಬಿದ್ದಿರುವುದನ್ನು ನೋಡಿಬಂದು ಹೇಳಿದವನು ಅವನೇ. ಇಬ್ಬರ ನಡುವೆ ಟಾರ್ಚು ಹಿಡಿದು ನಡೆಯುತ್ತಿದ್ದವಳನ್ನು ಅವಳ ಸಹಪಾಠಿಗಳಾದ ಅವರು ಶಾಲೆಯ ದಿನಗಳಿಂದ ಮೌನಗೌರಿ ಎಂದೇ ಕರೆಯುತ್ತಿದ್ದರು. "ನಾನೂ ಒಳಗೆ ಹೋಗ್ಬೇಕು" ಎಂದು ಅವಳು ಬಾಯಿಬಿಟ್ಟಾಗ ಇಬ್ಬರೂ ಕೂಡಲೇ ಹೊರಟಿದ್ದರು.

ಅವಳು ಎಂಟು ವರ್ಷದವಳಿದ್ದಾಗ, ಶಾಲೆಗೆ ಹೋಗುವ ದಾರಿಯಲ್ಲಿ, ಅಪ್ಪ ಮರೆತುಹೋಗಿದ್ದ ಬುತ್ತಿ ಡಬ್ಬಿಯನ್ನು ಕೊಡಲು, ಅವನು ಕೆಲಸ ಮಾಡುತ್ತಿದ್ದ ಈ ಸುರಂಗದ ಬಾಯಿಗೆ ಬಂದಿದ್ದಳು. ಒಳಹೋಗುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹೊರಗಿನ ಹಲಗೆಗೆ ತೂಗುಹಾಕಬೇಕು. ಒಂದು ಗಳಿಗೆಗೆ ಹೊರಬಂದರೂ ಕಿತ್ತುಕೊಳ್ಳಬೇಕು. ಅಪ್ಪ ಬಂದ. ಬಿಲ್ಲೆಯನ್ನು ಜೇಬಿಗಿಳಿಸಿ ಡಬ್ಬಿ ತೆಗೆದುಕೊಂಡ. ಗಂಟೆ ಹೊಡೆದೀತೆಂದು ಅವಳು ತಿರುಗಿ ನೋಡದೆ ಓಡಿದಳು. ಎರಡನೇ ಪೀರಿಯಡ್ಡಿನಲ್ಲಿ ನೆಲ ನಡುಗಿತು.

"ಅಪ್ಪ ಬಿಲ್ಲೆ ತಗೊಂಡಿದ್ದು ನೋಡಿದ್ಯೇನಮ್ಮ?" ಎಂದು ಆಮೇಲೆ ಸುರಂಗದ ಗುಮಾಸ್ತ ಕೇಳಿದ್ದ.

"ಹೂಂ. ಜೇಬಿಗೆ ಹಾಕ್ಕೊಂಡ," ಎಂದಿದ್ದಳು.

ಹಲಗೆಯಲ್ಲಿದ್ದದ್ದು ಒಂಬತ್ತು ಬಿಲ್ಲೆ; ಹಾಗಾಗಿ ಒಳಗಿರುವವರೂ ಒಂಬತ್ತೇ ಜನ ಎಂದು ಲೆಕ್ಕ. ಮೂರನೆಯ ದಿನ ಒಂಬತ್ತನೆಯ ಹೆಣ ಸಿಕ್ಕಿದ ಕೂಡಲೇ ಅಗೆಯುವುದು ನಿಂತಿತು. ಅಪ್ಪ ಊರು ಬಿಟ್ಟು ಓಡಿಹೋದವರ ಪಟ್ಟಿಗೆ ಸೇರಿದ. ಅಮ್ಮ ಹದಿನಾರು ವರ್ಷ ಅವನನ್ನು ಬೈದುಕೊಂಡೇ ಬಟ್ಟೆ ಹೊಲಿದಳು: "ಎಲ್ಲೋ ಇನ್ನೊಬ್ಬಳ ಕೈಯಡುಗೆ ಉಣ್ತಿರ್ತಾನೆ, ಭಂಡ." ಮಗಳು ಕಂಡದ್ದನ್ನು ಹೇಳುವ ಅಭ್ಯಾಸವನ್ನೇ ಬಿಟ್ಟಳು.

ಮಣ್ಣಿನ ರಾಶಿಯನ್ನು ತೆವಳಿ ದಾಟಿದಾಗ ಗೋಡೆಯಲ್ಲಿ ಸಾಲಾಗಿ ಕೊರೆದ ಗೂಡುಗಳು ಕಂಡವು. ಅದರಾಚೆ, ಮತ್ತೊಮ್ಮೆ ಕುಸಿದುಬಿದ್ದ ಬಂಡೆ.

"ಬುತ್ತಿ ಇಡೋ ಗೂಡು," ಎಂದ ಉದ್ದಣ್ಣ. "ಎಲ್ಲಾ ಖಾಲಿ... ತಡಿ, ಇಲ್ಲೊಂದು ಡಬ್ಬಿ ಇದೆ."

ಮುಚ್ಚಳದ ಮೇಲೆ, ಅವಳು ಮೊಳೆಯಿಂದ ಗೀಚಿ ಏಟು ತಿಂದಿದ್ದ ಬೆಕ್ಕು. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು.

ಕೊಂಡಿ ಬಿಗಿಯಾಗಿ ಹಾಕಿತ್ತು. ಬಿಡಿಸಿದಳು. ಒಳಗೆ ಏನೂ ಇರಲಿಲ್ಲ; ಒಣಗಿದ ಒಂದು ಅಗುಳೂ ಇಲ್ಲ. ಬೆರಳಲ್ಲಿ ಬಳಿದು ತಿಂದು ಒರೆಸಿಟ್ಟ ಹಾಗಿತ್ತು.

"ಮಧ್ಯಾಹ್ನದ ಸೀಟಿ ಆಗದೆ ಅಪ್ಪ ಡಬ್ಬಿ ಮುಟ್ತಿರಲಿಲ್ಲ," ಎಂದಳು. "ಸುರಂಗ ಕುಸಿದಿದ್ದು ಬೆಳಗ್ಗೆ."

ಟೀಚರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಉದ್ದಣ್ಣ ಬಂಡೆಯನ್ನು ನೋಡುತ್ತ ನಿಂತ.

ಸಂಜೆ ಅಮ್ಮ ಹೊಲಿಗೆ ಯಂತ್ರದ ಮುಂದಿದ್ದಳು. "ಮೈಯೆಲ್ಲಾ ಮಣ್ಣು! ಕತ್ತೆ ವಯಸ್ಸಾಯ್ತು, ಇನ್ನೂ ಆ ಇಬ್ಬರ ಜೊತೆ..." ಎಂದವಳು ಮಗಳ ಕೈಯಲ್ಲಿದ್ದ ಡಬ್ಬಿಯ ಬೆಕ್ಕನ್ನು ಕಂಡಳು. ಕಾಲು ನಿಂತಿತು. ಚಕ್ರ ಮಾತ್ರ ಎರಡು ಸುತ್ತು ತಾನೇ ತಿರುಗಿತು.

"ಎಲ್ಲಿತ್ತು?"

"ಒಳಗೆ."

ಅಮ್ಮ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದಳು.

"ಪೂರ್ತಿ ಉಂಡಿದ್ದಾನೆ ಕಣೇ," ಎಂದಳು. ಆಮೇಲೆ ತಲೆಯೆತ್ತದೆ ಕೇಳಿದಳು, "ಯಾವಾಗ ಉಂಡನೋ?"

"ನಾನು ಕೊಟ್ಟ ಕೂಡಲೇ ಉಂಡ, ಅಮ್ಮ. ಅಲ್ಲೇ ನಿಂತ್ಕೊಂಡು. ನಾನೇ ನೋಡ್ದೆ."

ಅಮ್ಮ ಅವಳ ಮುಖವನ್ನೇ ನೋಡಿದಳು. "ಹೂಂ," ಎಂದಳು. "ಹಸಿವಾಗಿರಬೇಕು."

ಎದ್ದು ಬಚ್ಚಲಿಗೆ ಹೋಗಿ ಡಬ್ಬಿಯನ್ನು ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಆಮೇಲೆ ತನ್ನ ತಟ್ಟೆಯ ಪಕ್ಕದಲ್ಲಿ ಬೋರಲು ಹಾಕಿದಳು. ಅಂಚಿನಿಂದ ನೀರು ಒಂದೊಂದೇ ಹನಿ ಇಳಿಯುತ್ತಿತ್ತು.